ಅಕ್ಕಗಳಿಗಿಟ್ಟ ಬಳೆ

ಇದನ್ನು ಹೇಳಲು ನಲವತ್ತು ವರ್ಷ ತಡಮಾಡಿದೆ. ಪ್ರತಿ ಸಲವೂ ಒಂದು ನೆಪ ಸಿಕ್ಕಿತು.

ಎಂಬತ್ತರ ದಶಕದಲ್ಲಿ ನಮ್ಮೂರಿಗೊಬ್ಬ ಬಳೆಗಾರ್ತಿ ಬರುತ್ತಿದ್ದಳು. ಹೆಂಗಸರ ಮುಷ್ಟಿ ಹಿಸುಕಿ ಬಳೆ ಏರಿಸುತ್ತ ಕೆರೆಯ ದೇವಕನ್ಯೆಯರ ಸುದ್ದಿ ಹೇಳುತ್ತಿದ್ದಳು. "ನೀವು ಅಕ್ಕಗೋಳು ಅಂತೀರಿ, ಯಮನೂರಾಗ ಪರಿ ಅಂತಾರ, ಕಲಘಟಗಿ ಅಡವ್ಯಾಗ ಜಕ್ಕವ್ವ. ಹೆಸರು ಏನರ ಇರ್ಲಿ, ಹಸರ ಬಳಿ ಕಂಡ್ರ ಎಲ್ಲಾರೂ ಕೈ ಚಾಚಾವ್ರ, ನಿಮ್ಹಂಗ!"

ಆ ಅಕ್ಕಗಳಿಗೆಂದು ಯಾರೋ ಕೆರೆಯ ದಂಡೆಯಲ್ಲಿಟ್ಟ ಹಸಿರು ಬಳೆಗಳನ್ನು ಒಂದು ದಿನ ನಾನೇ ಎತ್ತಿ ತಂದು ಮಗಳಿಗೆ ತೊಡಿಸಿದೆ. ಮರುದಿನ ಅವಳಿಗೆ ಜ್ವರ ಏರಿತು. ಇಟ್ಟವರು ಬಳೆಯ ಗುರುತು ಹಿಡಿದರು. ಹೆದರಿಕೆಯಿಂದ, "ಬಳಿಗಾರ್ತಿ ಕೊಟ್ಟಾಳ" ಎಂದುಬಿಟ್ಟೆ.

ಹಿರಿಯರು ಅವಳನ್ನು ಕಟ್ಟೆಗೆ ಕರೆಸಿ, ಅಕ್ಕಗಳ ಬಳೆ ಕದ್ದು ಕೂಸಿಗೆ ಜ್ವರ ತಂದವಳು ಇನ್ನು ಊರಿಗೆ ಕಾಲಿಡಬೇಡ ಎಂದರು. ಅವಳು ತಲೆ ತಗ್ಗಿಸಲಿಲ್ಲ.

"ಯಾಕ್ರಿ? ನಾ ಬಳಿ ಕೈಗೆ ಇಡಸ್ತೀನಿ, ಬಿಡಿಯಾಗಿ ಯಾರಿಗೂ ಕೊಡಾಂಗಿಲ್ಲ. ಆ ಕೂಸಿನ ಕೈ ನಾ ಹಿಡದೇ ಇಲ್ಲ. ಆಕಿನ್ನ ಕೇಳ್ರಿ."

ಎಲ್ಲರೂ ನನ್ನತ್ತ ತಿರುಗಿದರು. "ಜ್ವರದಾಗ ಐತಿ ಕೂಸು, ಮಾತಾಡಸಬ್ಯಾಡ್ರಿ" ಎಂದೆ.

"ಹಂಗಾರ ನೀನ ಹೇಳೋ, ಅಣ್ಣಾ."

ನಾನು ಹಿರಿಯರ ಬೆನ್ನಿಗೆ ಸರಿದು ನಿಂತೆ.

"ಪರಿ ಇರ್ಲಿ, ಜಕ್ಕವ್ವ ಇರ್ಲಿ, ನಾ ಯಾರಿಗೂ ಅಂಜಾಂಗಿಲ್ಲ. ಅಂಜಾಂವ ಇಲ್ಲೇ ನಿಂತಾನ" ಎಂದು ಬಳೆಯ ಗಂಟನ್ನು ಹೆಗಲಿಗೇರಿಸಿ, ಜನರ ನಟ್ಟನಡುವೆ ದಾರಿ ಮಾಡಿಕೊಂಡು ನಡೆದಳು.

ಮೂರು ದಿನಕ್ಕೆ ಮಗಳ ಜ್ವರ ಬಿಟ್ಟಿತು. ಮುಂದೆ ಎರಡು ಸಲ ಹುಬ್ಬಳ್ಳಿ ಬಸ್ಸಿನಲ್ಲಿ ಅವಳನ್ನು ಕಂಡು, ಕಾಣದವನಂತೆ ಇಳಿದುಹೋದೆ. ತಪ್ಪಾಯಿತೆಂದು ಎಷ್ಟೋ ಜನರ ಕೈ ಹಿಡಿದಿದ್ದೇನೆ. ಹಿಡಿಯದೇ ಉಳಿದದ್ದು ಆ ಬಳೆಗಾರ್ತಿಯದು.