ಮಕ್ತಲ್ ಕಟಿಂಗ್

ಅಂಗಡಿಗೆ ಹೋದರೆ ಬಟ್ಟೆಯನ್ನು ಒಳಮಗ್ಗುಲು ತಿರುಗಿಸಿ ನೋಡುವ ಚಾಳಿ ನನಗೆ ಅಂಟಿಕೊಂಡು ಬಹಳ ವರ್ಷಗಳಾದವು. ಮೊನ್ನೆ ನಾರಾಯಣಪೇಟೆಯಲ್ಲಿ ಮಗಳ ಜೊತೆ ಒಂದು ಹೊಸ ಅಂಗಡಿಗೆ ಹೋಗಿದ್ದೆ. ಗೊಂಬೆಗೆ ತೊಡಿಸಿದ್ದ ಕುರ್ತಾವೊಂದನ್ನು ಇಳಿಸಿಕೊಂಡು, ತೋಳನ್ನು ಹೊರಳಿಸಿ, ಕಂಕುಳ ಹೊಲಿಗೆಗೆ ಕಣ್ಣಿಟ್ಟು ನಿಂತಿದ್ದೆ. ಅಂಗಡಿಯ ಹುಡುಗಿ ಪಾಪ, ಈ ಮುದುಕಿಗೆ ಗೊತ್ತಾಗಿಲ್ಲ ಎಂದುಕೊಂಡಳೇನೋ, ಅದು ಉಲ್ಟಾ ಆಗಿದೆ ಮೇಡಂ ಎಂದು ತೆಲುಗಿನಲ್ಲಿ ಮೆಲ್ಲಗೆ ತಿಳಿಸಿದಳು. ಗೊತ್ತಮ್ಮ ಅಂದೆ. ಮಗಳು ನಾನು ಯಾರೋ ಎಂಬಂತೆ ನಾಲ್ಕು ಹೆಜ್ಜೆ ಆಚೆ ಸರಿದಳು. ಹೊಸ ಬಟ್ಟೆಯ ಗಂಜಿಯ ವಾಸನೆ ಮೂಗಿಗೆ ಬಂತು. ಅದರೊಂದಿಗೆ ಬೀರಮ್ಮನ ಅಂಗಡಿಯೂ, ಅಲ್ಲಿ ನಾನು ಹೇಳಿದ ಎರಡು ಸುಳ್ಳುಗಳೂ ನೆನಪಾದವು.

ದುಬಾರಿ ಡಿಸೈನರ್ ಬಟ್ಟೆಗೆ ಸುರಿಯುವ ಹಣ ಸಾರ್ಥಕವೋ ದಂಡವೋ ಎಂಬ ಬಗ್ಗೆ ಮಾತನಾಡಲು ನನಗೆ ಅರ್ಹತೆ ಇದೆಯೇ ಎಂದು ನೀವು ಕೇಳಬಹುದು. ಇದೆ. ಜೀವಮಾನದಲ್ಲಿ ಒಂದೇ ಒಂದು ಸಲ, ಒಂದೇ ಒಂದು ಬ್ಲೌಸಿಗೆ ನಾನು ಎಂಟು ಸಾವಿರ ರೂಪಾಯಿ ಕೊಟ್ಟವಳು. ಅದೂ ಹೊಲಿಗೆಗೆ ಮಾತ್ರ, ಬಟ್ಟೆ ನನ್ನದೇ.

ಆಗ ನಾನು, ಈಗ ತೆಲಂಗಾಣಕ್ಕೆ ಸೇರಿದ ಗಡಿಯೂರು ಮಕ್ತಲದಲ್ಲಿ ಕನ್ನಡ ಮಾಧ್ಯಮ ಶಾಲೆಯ ಶಿಕ್ಷಕಿ. ಮನೆಯಿಂದ ಶಾಲೆಗೆ ಹೋಗುವ ದಾರಿಯಲ್ಲಿ, ಬಸ್ ಸ್ಟ್ಯಾಂಡಿಗೆ ಸ್ವಲ್ಪ ಈಚೆ, ಬೀರಮ್ಮನ ಹೊಲಿಗೆ ಅಂಗಡಿ. ಅಂಗಡಿಯೆಂದರೆ ಬೀದಿಗೆ ತೆರೆದುಕೊಂಡ ಒಂದು ಕೋಣೆ, ಎರಡು ಮಷೀನು. ಅವಳದು ಕುರಿ ಸಾಕುವ ಮನೆತನ. ಗಂಡ ವರ್ಷದಲ್ಲಿ ಆರು ತಿಂಗಳು ಕುರಿ ಹಿಂಡಿನ ಹಿಂದೆ ಕೃಷ್ಣೆಯ ದಂಡೆಗುಂಟ ಇರುತ್ತಿದ್ದ. ಹುಡುಗಿಯಾಗಿದ್ದಾಗ ನೆರೆಮನೆಯ ಮುಸಲ್ಮಾನ ಮುದುಕಿಯೊಬ್ಬರ ಹತ್ತಿರ ಅವಳು ಹೊಲಿಗೆ ಕಲಿತಿದ್ದಳು. ಆ ಮುದುಕಿಯನ್ನು ಓಣಿಯೆಲ್ಲ ಖಾಲಾ ಎನ್ನುತ್ತಿತ್ತು. ಎರಡು ಮಷೀನಿನಲ್ಲಿ ಒಂದು ಖಾಲಾ ಬಿಟ್ಟುಹೋದದ್ದು.

ನನ್ನ ಬ್ಲೌಸುಗಳನ್ನೆಲ್ಲ ಹನ್ನೆರಡು ವರ್ಷ ಹೊಲಿದವಳು ಬೀರಮ್ಮನೇ. ಅವಳು ತೊಂಬತ್ತು ರೂಪಾಯಿ ಅನ್ನುವುದು, ನಾನು ಎಂಬತ್ತು ಅನ್ನುವುದು, ಅವಳು ಟೇಪನ್ನು ಕೊರಳಿಗೆ ಹಾಕಿಕೊಂಡು ಆಗಲಿ ಬಿಡ್ರಿ ಅನ್ನುವುದು ನಮ್ಮಿಬ್ಬರ ನಡುವಿನ ಶಿಷ್ಟಾಚಾರದಂತೆ ನಡೆದುಕೊಂಡು ಬಂದಿತ್ತು. ಹತ್ತು ರೂಪಾಯಿ ಉಳಿಸಿದ ದಿನ ನನಗೆ ನನ್ನ ವ್ಯವಹಾರಜ್ಞಾನದ ಮೇಲೆ ಅಭಿಮಾನ ಬರುತ್ತಿತ್ತು. ಇಬ್ಬರೂ ಒಂದೇ ವಾರಿಗೆಯವರು. ಆದರೂ ಅವಳು ನನಗೆ ಅಕ್ಕೋರೇ ಅನ್ನುತ್ತಿದ್ದಳು, ಮಾತಿಗೊಮ್ಮೆ ರಿ ಹಚ್ಚುತ್ತಿದ್ದಳು. ನಾನು ಮಾತ್ರ ಬಾ, ಹೋಗು, ಹೊಲಿ ಎಂದೇ ಮಾತನಾಡುತ್ತಿದ್ದೆ. ಅದು ನನಗೆ ಹೊಳೆದೇ ಇರಲಿಲ್ಲ.

ನನ್ನ ಗಂಡನ ಅಣ್ಣನ ಹೆಂಡತಿ ಸುಧಾ ವೈನಿ ಹೈದರಾಬಾದಿನವರು. ಒಳ್ಳೆಯ ಹೆಂಗಸು, ನಾಲಿಗೆ ಮಾತ್ರ ಸ್ವಲ್ಪ ಚುರುಕು. ರಾಯಚೂರಿನ ಒಂದು ಮುಂಜಿಯಲ್ಲಿ ಅವರು ನನ್ನ ಭುಜದ ಮೇಲೆ ಬಿದ್ದ ನೆರಿಗೆಯನ್ನು ಎರಡು ಬೆರಳಿನಿಂದ ಎತ್ತಿ ಹಿಡಿದು, "ಏನಿದು, ಮಕ್ತಲ್ ಕಟಿಂಗ್ ಏನು?" ಅಂದರು. ಸುತ್ತ ಕೂತವರು ನಕ್ಕರು. ನಾನೂ ನಕ್ಕೆ. ನೆರಿಗೆ ಬಿದ್ದದ್ದು ನಿಜ. ಆದರೆ ಹೊಲಿದವಳ ಪರವಾಗಿ ಒಂದು ಮಾತು ಆಡಬಹುದಿತ್ತು, ಆಡಲಿಲ್ಲ. ಆ ನಗೆ ಮಾತ್ರ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಮುಂದೆ ವೈನಿಯ ಮಗಳ ಮದುವೆ ಗೊತ್ತಾಯಿತು. ವರ ಗದ್ವಾಲದ ಅರ್ಚಕರ ಮನೆಯವನು, ಮದುವೆಯೂ ಅಲ್ಲಿಯೇ ಎಂದು ತೀರ್ಮಾನವಾಯಿತು. ನನ್ನ ತಾಯಿ ಕೊಟ್ಟ ಒಂದು ಗದ್ವಾಲ ಸೀರೆ ನನ್ನಲ್ಲಿತ್ತು. ಆ ಊರಿನ ಮದುವೆಗೆ ಅದನ್ನು ಬಿಟ್ಟು ಬೇರೆ ಉಡುವುದುಂಟೆ? ಅದಕ್ಕೆ ತಕ್ಕ ಬ್ಲೌಸ್ ಬೇಕಾಯಿತು. ಯಾವುದೋ ಕೆಲಸಕ್ಕೆ ಹೈದರಾಬಾದಿಗೆ ಹೋದಾಗ ವೈನಿ ನನ್ನನ್ನು ಒಂದು ಡಿಸೈನರ್ ಅಂಗಡಿಗೆ ಕರೆದುಕೊಂಡು ಹೋದರು. ಗಾಜಿನ ಬಾಗಿಲು, ಒಳಗೆ ಚಳಿ ಹುಟ್ಟಿಸುವ ಗಾಳಿ. ಬೀರಮ್ಮ ಐದು ಕಡೆ ಅಳೆಯುತ್ತಿದ್ದಳು, ಇವರು ನನ್ನ ಮೈಯಲ್ಲಿ ಇವೆಯೆಂದು ನನಗೇ ಗೊತ್ತಿಲ್ಲದ ಜಾಗಗಳನ್ನೆಲ್ಲ ಅಳೆದರು. ಬೆಲೆ ಹೇಳಿದಾಗ ನಾನು ಕುಡಿಯಲು ನೀರು ಕೇಳಿದೆ. ನೀರನ್ನು ಅವರು ತಟ್ಟೆಯಲ್ಲಿಟ್ಟು ತಂದರು. ಅಷ್ಟು ಮರ್ಯಾದೆ ಮಾಡಿಸಿಕೊಂಡ ಮೇಲೆ ಎದ್ದು ಬರುವುದು ಹೇಗೆ? ಆಗಲಿ ಅಂದೆ. ಮುಂಜಿಮನೆಯ ಆ ನಗೆ ನನ್ನ ಬೆನ್ನ ಹಿಂದೆ ನಿಂತು ದೂಡಿತು ಅಂತಲೂ ಹೇಳಬೇಕು.

ಊರಿಗೆ ಬಂದ ಮೇಲೆ ಒಂದು ದಿನ, ನನ್ನಿಂದ ಮದುವೆಯ ಸುದ್ದಿ ಮೊದಲೇ ಕೇಳಿದ್ದ ಬೀರಮ್ಮ ತಾನಾಗಿಯೇ ವಿಚಾರಿಸಿದಳು, ಗದ್ವಾಲ ಸೀರೆಗೆ ಜಂಪರ ಹೊಲಿಯಾಕ ಇನ್ನೂ ತಂದಿಲ್ಲಲ್ರಿ ಅಂತ. ಜಂಪರವೆಂದರೆ ನಮ್ಮ ಕಡೆ ಬ್ಲೌಸೇ. ಈ ಸಲ ಹಳೆಯದನ್ನೇ ತೊಡುತ್ತೇನೆ ಅಂದೆ. ಇದು ಮೊದಲನೆಯ ಸುಳ್ಳು.

ಅಷ್ಟರಲ್ಲಿ ಪ್ರತ್ಯೇಕ ರಾಜ್ಯದ ಮುಷ್ಕರ ಜೋರಾಯಿತು. ಶಾಲೆಗಳು ಮುಚ್ಚಿದವು, ಕಚೇರಿಗಳು ಮುಚ್ಚಿದವು. ನಾವು ಶಿಕ್ಷಕರು ತಹಶೀಲು ಕಚೇರಿಯ ಮುಂದೆ ಡೇರೆ ಹಾಕಿ ಕೂತೆವು. ಹೊಸ ರಾಜ್ಯ ಬಂದರೆ ನಮ್ಮ ಕನ್ನಡ ಶಾಲೆಗಳ ಗತಿ ಏನು ಎಂಬ ಅಳುಕು ನಮ್ಮಲ್ಲಿ ಕೆಲವರಿಗೆ ಇತ್ತು, ಆದರೂ ಕೂತೆವು. ದಿನಾ ಸಂಜೆ ಯಾರಾದರೊಬ್ಬರು ಮಂಡಕ್ಕಿ, ಬಿಸಿ ಮಿರ್ಚಿ ತರಿಸುತ್ತಿದ್ದರು. ತೆಲಂಗಾಣಕ್ಕಾಗಿ ಬೇರೆಯವರು ಏನೇನೋ ಕಳೆದುಕೊಂಡರು. ನಾನೊಬ್ಬಳು ಗಳಿಸಿದೆ. ಎಷ್ಟು ಗಳಿಸಿದ್ದೇನೆಂದು ತಿಳಿದದ್ದು ಮದುವೆಗೆ ಒಂದು ವಾರ ಇರುವಾಗ. ವೈನಿಯ ಕಡೆಯವರೊಬ್ಬರು ಕಾರಿನಲ್ಲಿ ಬರುತ್ತ ಆ ಬ್ಲೌಸನ್ನು ತಂದುಕೊಟ್ಟರು. ತೊಟ್ಟು ನೋಡಿದರೆ ತೋಳು ಮೊಣಕೈ ದಾಟಿ ಮೇಲೆ ಏರಲಿಲ್ಲ. ಹೇಗೋ ಏರಿಸಿದರೆ ಹುಕ್ಕುಗಳ ನಡುವೆ ನಾಲ್ಕು ಬೆರಳು ಅಂತರ.

ತಿರುಗಿ ಹೈದರಾಬಾದಿಗೆ ಒಯ್ಯೋಣವೆಂದರೆ ಮತ್ತೆ ಬಂದ್ ಸಾರಿದ್ದರು, ಬಸ್ಸಿಲ್ಲ. ಎರಡು ದಿನ ರೊಟ್ಟಿ ಕಡಿಮೆ ಮಾಡಿ ನೋಡಿದೆ. ಮೂರನೆಯ ದಿನ ಮಧ್ಯಾಹ್ನ, ಬೇರೆ ದಾರಿ ಕಾಣದೆ, ಬ್ಲೌಸನ್ನು ಒಂದು ಟವೆಲಿನಲ್ಲಿ ಸುತ್ತಿಕೊಂಡು ಬೀರಮ್ಮನ ಅಂಗಡಿಯ ಮೆಟ್ಟಿಲು ಹತ್ತಿದೆ.

ಅವಳು ಟವೆಲು ಬಿಚ್ಚಿದಳು. ಬಿಚ್ಚಿ, ಎದ್ದು ಹೋಗಿ, ಕೈ ತೊಳೆದುಕೊಂಡು ಬಂದು ಒರೆಸಿಕೊಂಡಳು.

"ಹಳೇದು ತೊಡ್ತೀನಿ ಅಂದಿದ್ರಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನ್ನನ್ನು ಹೆಚ್ಚು ನೋಯಿಸಿತು.

ಎದೆಯ ಮೇಲಿನ ಜರಿ ಕೆಲಸವನ್ನು ಅವಳು ನೋಡಲೇ ಇಲ್ಲ. ನೆಟ್ಟಗೆ ಒಳಮಗ್ಗುಲು ಹೊರಳಿಸಿದಳು. ಬಾಗಿಲ ಬೆಳಕಿಗೆ ಹಿಡಿದು, ಒಂದೊಂದು ಹೊಲಿಗೆಯ ಮೇಲೂ ಹೆಬ್ಬೆರಳು ಆಡಿಸುತ್ತ ಹೋದಳು. ಮಷೀನಿನ ಮುಂದೆ ಹಾಗೆ ಸುಮ್ಮನೆ ಕೂತ ಬೀರಮ್ಮನನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆಮೇಲೆ ಬ್ಲೇಡಿನ ತುದಿಯಿಂದ ಪಕ್ಕದ ಹೊಲಿಗೆಯನ್ನು ಬಿಚ್ಚತೊಡಗಿದಳು. ಒಳಗೆ ಎರಡು ಬೆರಳಿನಷ್ಟು ಬಟ್ಟೆಯನ್ನು ಮಡಚಿ ಕೈಹೊಲಿಗೆಯಿಂದ ಹಿಡಿದಿಟ್ಟಿದ್ದರು. ಮುಂದೆ ಮೈ ತುಂಬಿಕೊಂಡರೆ ಬಿಡಿಸಲಿ ಎಂದು ಬಿಟ್ಟದ್ದು ಅಂತ ತೋರಿಸಿದಳು. ಜರಿ ಚರ್ಮಕ್ಕೆ ಚುಚ್ಚಬಾರದೆಂದು ಅದರ ಹಿಂಬದಿಗೆ ತೆಳುವಾದ ಮಲ್ಮಲ್ ಬಟ್ಟೆ ಕೊಟ್ಟಿದ್ದರು. ಹುಕ್ಕಿನ ಹಿಂದೆ ಪಟ್ಟಿ. ಕೈ ಎತ್ತಿದಾಗ ಜಗ್ಗಬಾರದೆಂದು ಕಂಕುಳಲ್ಲಿ ಒಂದು ಸಣ್ಣ ತುಂಡು.

"ಯಾರ ಹೊಲಿದಾರೋ, ತೊಡಾಕಿ ಮೈ ನೆನಸಿ ಹೊಲಿದಾರ್ರಿ."

ನಿನಗೆ ಇದೆಲ್ಲ ಬರುತ್ತದೆಯೇ ಎಂದು ನಾನು ಪೆದ್ದುಪೆದ್ದಾಗಿ ಕೇಳಿದೆ. ಅವಳು ಬ್ಲೇಡಿನಿಂದ ಕಣ್ಣೆತ್ತದೆ ಹೇಳಿದಳು. ಖಾಲಾ ಮೊದಲು ಕಲಿಸಿದ್ದೇ ಒಳಮಗ್ಗುಲು. ಅಂಗಡಿ ಹಾಕಿದ ಹೊಸದರಲ್ಲಿ ಎಲ್ಲರಿಗೂ ಹೀಗೆಯೇ ಹೊಲಿಯುತ್ತಿದ್ದಳಂತೆ, ನನಗೂ. ಯಾರೂ ತಿರುಗಿಸಿ ನೋಡಲಿಲ್ಲ, ದರ ಮಾತ್ರ ಇಳಿಸಿದರು. ಒಂದಕ್ಕೆ ಹಿಡಿಯುವ ಹೊತ್ತಿನಲ್ಲಿ ನಾಲ್ಕು ಹೊಲಿದರೆ ಮಾತ್ರ ಮನೆ ನಡೆಯುತ್ತಿತ್ತು. ಹಾಗಾಗಿ ಒಂದೊಂದಾಗಿ ಬಿಟ್ಟಳು. ಮೊದಲು ಹುಕ್ಕಿನ ಪಟ್ಟಿ, ಆಮೇಲೆ ಕಂಕುಳ ತುಂಡು, ಕೊನೆಗೆ ನೆರಿಗೆ ಬೀಳದಂತೆ ಭುಜವನ್ನು ತಿದ್ದುವುದು. ನನ್ನ ಭುಜದ ಮೇಲೆ ಬೀಳುತ್ತಿದ್ದ ಆ ನೆರಿಗೆ ನಾನೇ ಹತ್ತು ಹತ್ತು ರೂಪಾಯಿ ಇಳಿಸಿ ಹೊಲಿಸಿಕೊಂಡದ್ದು ಎಂದು ಆಗ ಅರ್ಥವಾಯಿತು. ಅದಕ್ಕೆ ಊರಿನ ಹೆಸರು ಇಟ್ಟು ನಕ್ಕವರ ಜೊತೆ ನಾನೂ ನಕ್ಕಿದ್ದೆ.

ಸ್ವಲ್ಪ ಹೊತ್ತಿನ ಮೇಲೆ ಅವಳು, ಎಷ್ಟು ಕೊಟ್ರಿ ಇದಕ್ಕ ಎಂದು ಕೇಳಿದಳು. ನಿಜ ಹೇಳಿದರೆ ನನಗೆ ಹುಚ್ಚು ಹಿಡಿದಿದೆ ಅಂದುಕೊಳ್ಳುತ್ತಾಳೆ, ಅದಕ್ಕಿಂತ ಹೆಚ್ಚಾಗಿ ನೊಂದುಕೊಳ್ಳುತ್ತಾಳೆ ಎನ್ನಿಸಿತು. ಎರಡು ಸಾವಿರ ಅಂದೆ. ಇದು ಎರಡನೆಯದು.

ಬೀರಮ್ಮ ಬ್ಲೇಡನ್ನು ಕೆಳಗಿಟ್ಟಳು.

"ಎರಡು ಸಾವಿರದಾಗ ಇದು ಆಗಂಗಿಲ್ರಿ ಅಕ್ಕೋರೇ. ಈ ಜರಿ ಕೆಲಸಕ್ಕ ಇಬ್ಬರು ಎಂಟು ದಿನ ಕುಂತಿರಬೇಕು. ನೀವು ಖರೇನ ಅಷ್ಟ ಕೊಟ್ಟಿದ್ರ, ಆ ಇಬ್ಬರ ಹೊಟ್ಟಿ ಮ್ಯಾಲೆ ಹೊಡದಂಗ."

ಅವಳ ಮುಖದಲ್ಲಿ ನಾನು ಮೊದಲ ಸಲ ಸಿಟ್ಟು ಕಂಡೆ. ತನ್ನನ್ನು ಬಿಟ್ಟು ಬೇರೆ ಕಡೆ ಹೊಲಿಸಿದ್ದಕ್ಕೆ ಬಾರದ ಸಿಟ್ಟು, ತಾನು ಎಂದೂ ಕಾಣದ ಯಾರೋ ಇಬ್ಬರಿಗಾಗಿ ಬಂದಿತ್ತು. ನಾನು ಎಂಟು ಸಾವಿರ ಎಂದು ಒಪ್ಪಿಕೊಂಡೆ. ಅವಳು ಬ್ಲೌಸನ್ನು ಮತ್ತೊಮ್ಮೆ ತೊಡೆಯ ಮೇಲೆ ಹರವಿ ನೋಡಿದಳು.

"ಹಂಗಾದ್ರ ಸರಿ ಐತಿ," ಅಂದಳು. "ಅದರಾಗ ಹೊಲಿದವರ ಕೈಗೆ ಎಷ್ಟು ಮುಟ್ಟೈತೋ, ಅದು ಬ್ಯಾರೆ ಮಾತು."

ಸಂಜೆಯ ಹೊತ್ತಿಗೆ ಬ್ಲೌಸ್ ಸಿದ್ಧವಾಯಿತು. ದುಡ್ಡು ಮುಟ್ಟಲಿಲ್ಲ. ಇಂಥದ್ದನ್ನು ಬಿಚ್ಚಿ ನೋಡಿ ಬಹಳ ವರ್ಷವಾಗಿತ್ತು, ಅದೇ ಸಾಕು ಅಂದಳು.

ಬಂದ್ ಸಡಿಲವಾದ ದಿನ ಜೀಪು ಮಾಡಿಕೊಂಡು, ಜೂರಾಲದ ಅಣೆಕಟ್ಟು ದಾಟಿ ಗದ್ವಾಲಕ್ಕೆ ಹೋದೆವು. ಮದುವೆಮನೆಯಲ್ಲಿ ವೈನಿ ನನ್ನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಭುಜದ ಮೇಲೆ ಒಂದು ಗೆರೆಯೂ ಇರಲಿಲ್ಲ. "ಈಗ ನೋಡು, ಎಷ್ಟು ಛಂದ ಕೂತದ," ಎಂದು ನಾಲ್ಕು ಜನರ ಮುಂದೆ ಹೇಳಿದರು. ಆ ನಾಲ್ಕು ಜನರ ಮುಂದೆ ನಾನು ಬಾಯಿ ಬಿಡಬೇಕಿತ್ತು. ಧೈರ್ಯ ಬಂದದ್ದು ಊಟದ ಪಂಕ್ತಿಯಲ್ಲಿ ಎರಡನೆಯ ಸಲ ಹೂರಣದ ಹೋಳಿಗೆ ಬಡಿಸಿದಾಗ. ಪಕ್ಕದಲ್ಲಿ ಕೂತಿದ್ದ ವೈನಿಗೆ ಹೇಳಿದೆ. ಇದು ನನಗೆ ಬಿಗಿಯಾಗಿತ್ತು, ನಮ್ಮ ಮಕ್ತಲದ ಬೀರಮ್ಮ ಪೂರಾ ಬಿಚ್ಚಿ ಮತ್ತೆ ಹೊಲಿದಳು, ನೀವು ಛಂದ ಅಂದದ್ದು ಅವಳ ಕೆಲಸ ಅಂತ. ವೈನಿ ನಗಲಿಲ್ಲ. ನನ್ನ ತೋಳಿನ ಅಂಚನ್ನು ಎಡಗೈಯಿಂದ ಮೆಲ್ಲಗೆ ಹೊರಳಿಸಿ ನೋಡಿ, ಎಲ್ಲಿ ಬಿಚ್ಚಿದ್ದು ಎಂದು ಕೇಳಿದರು. ನನಗೂ ತೋರಿಸಲು ಆಗಲಿಲ್ಲ. ಆಮೇಲೆ ಅವರು ದನಿ ತಗ್ಗಿಸಿ, ಅಂಥ ಅಂಗಡಿ ತಮಗೂ ಹೊಸದೇ, ನೀರನ್ನು ತಟ್ಟೆಯಲ್ಲಿ ತಂದಾಗ ತಮಗೂ ಹೆದರಿಕೆಯಾಗಿತ್ತು ಅಂದರು. ಅವತ್ತಿನಿಂದ ನನಗೂ ವೈನಿಗೂ ಒಂದು ಬಗೆಯ ಸ್ನೇಹ ಬೆಳೆಯಿತು.

ಮದುವೆ ಮುಗಿಸಿ ಬಂದು, ನಾನು ದಿನಬಳಕೆಯ ಎರಡು ಬ್ಲೌಸ್ ಪೀಸ್ ತೆಗೆದುಕೊಂಡು ಅಂಗಡಿಗೆ ಹೋದೆ. ಇನ್ನು ಮುಂದೆ ಎರಡು ದರ ಎಂದು ಬೀರಮ್ಮ ಹೇಳಿದಳು. ಮಾಮೂಲಿಗೆ ತೊಂಬತ್ತು, ಖಾಲಾ ಕಲಿಸಿದಂತೆ ಹೊಲಿದರೆ ಮುನ್ನೂರು. ಎರಡರಲ್ಲೂ ಚೌಕಾಸಿ ಇಲ್ಲ. ಹೇಳುವಾಗ ಅವಳ ಕಣ್ಣು ನೆಲ ನೋಡುತ್ತಿತ್ತು. ಮುನ್ನೂರು ಎಂಬ ಮಾತು ಕೇಳುತ್ತಲೇ ನನ್ನ ನಾಲಿಗೆ ಹಳೆಯ ಅಭ್ಯಾಸದಂತೆ ಹೊರಟಿತ್ತು. ಹಿಡಿದುಕೊಂಡೆ.

"ಮುನ್ನೂರರದ್ದೇ ಹೊಲೀರಿ," ಅಂದೆ.

ಆ ರಿ ಹೇಗೆ ಬಂತೋ ಗೊತ್ತಿಲ್ಲ, ಬಂದುಬಿಟ್ಟಿತು. ಬೀರಮ್ಮ ತಲೆ ಎತ್ತಿ ನನ್ನನ್ನು ನೋಡಿ, ಬಟ್ಟೆ ತೆಗೆದುಕೊಂಡರು. ಅಂದಿನಿಂದ ನನ್ನ ಬಾಯಲ್ಲಿ ಅವರು ಏಕವಚನಕ್ಕೆ ಇಳಿದಿಲ್ಲ. ಈ ಬರಹದಲ್ಲೂ ಇನ್ನು ಇಳಿಸುವುದಿಲ್ಲ.

ಅವರ ಮುಂದಿನ ದಿನಗಳು ಸುಲಭವಾಗಿರಲಿಲ್ಲ. ಗಿರಾಕಿಗಳಲ್ಲಿ ಅರ್ಧ ಜನ ಹತ್ತು ರೂಪಾಯಿಗಾಗಿ ಎದುರಿನ ಅಂಗಡಿಗೆ ನಡೆದರು. ಮುನ್ನೂರರ ಬ್ಲೌಸಿಗೆ ಎರಡೂವರೆ ವರ್ಷ ನಾನೊಬ್ಬಳೇ ಗಿರಾಕಿ, ಅದೂ ಒಳಗೊಳಗೇ ಗೊಣಗುತ್ತ. ಹೊಸ ರಾಜ್ಯ ಬಂತು. ನಮ್ಮ ಶಾಲೆಯ ಹಲಗೆಯ ಮೇಲೆ ರಾಜ್ಯದ ಹೆಸರು ಬದಲಾಯಿತು, ಕೆಳಗೆ ಕನ್ನಡ ಹಾಗೆಯೇ ಉಳಿಯಿತು. ಆ ವರ್ಷ ಉಟ್ಕೂರಿನಿಂದ ಒಬ್ಬ ಮದುಮಗಳು ಬಂದಳು, ಅವಳ ಹಿಂದೆ ಅವಳ ತಂಗಿಯರು, ಆಮೇಲೆ ನಾರಾಯಣಪೇಟೆಯ ಕಡೆಯವರು. ಬೀರಮ್ಮ ಶ್ರೀಮಂತರೇನೂ ಆಗಲಿಲ್ಲ. ದಿನಕ್ಕೆ ನಾಲ್ಕು ಹೊಲಿಯುವುದನ್ನು ಬಿಟ್ಟರು, ಮಗಳನ್ನು ನರ್ಸಿಂಗ್ ಓದಿಸಿದರು.

ಹೋದ ತಿಂಗಳು ಒಂದು ಮಧ್ಯಾಹ್ನ ಅವರು ನಮ್ಮ ಮನೆಗೆ ಬಂದರು. ಹೈದರಾಬಾದಿನಲ್ಲಿ ನರ್ಸ್ ಆಗಿರುವ ಮಗಳ ಹತ್ತಿರ ಎರಡು ವಾರ ಇದ್ದು ಬಂದಿದ್ದರು. ಮೈಮೇಲೆ ಕಡುನೀಲಿ ರೇಷ್ಮೆಯ ಹೊಸ ಬ್ಲೌಸ್. ಕತ್ತಿನ ಸುತ್ತ ಸಣ್ಣ ಜರಿಯ ಎಳೆ. ತಾವೇ ಹೊಲಿದದ್ದಿರಬೇಕೆಂದು ನಾನು ಹೊಗಳಿದೆ. ಅಲ್ಲ ಎಂದು ತಲೆಯಾಡಿಸಿದರು. ಮಗಳು ಒಂದು ದೊಡ್ಡ ಅಂಗಡಿಗೆ ಕರೆದುಕೊಂಡು ಹೋಗಿದ್ದಳಂತೆ. ತಮ್ಮ ಬ್ಲೌಸುಗಳನ್ನು ಬೀರಮ್ಮ ಈವರೆಗೆ ಹಳೆಯದೊಂದನ್ನು ಅಳತೆಗೆ ಇಟ್ಟುಕೊಂಡು, ಉಳಿದ ಬಟ್ಟೆಯಲ್ಲಿ ಹೊಲಿದುಕೊಳ್ಳುತ್ತಿದ್ದರು.

"ನಲವತ್ತು ವರ್ಷ ಮಂದಿ ಮೈಗೆ ಟೇಪ್ ಹಿಡಿದೀನ್ರಿ. ನನ್ನ ಮೈಗೆ ಹಿಡಿದಾಕಿ ಆ ಹುಡುಗಿ ಒಬ್ಬಾಕಿನ. ಕೈ ಎತ್ತ್ರಿ ಅಮ್ಮಾ ಅಂದ್ಳು, ಎತ್ತಿ ನಿಂತೆ. ಕಣ್ಣಾಗ ನೀರು ಬಂದ್ವು."

ಬೆಲೆ ಎಷ್ಟಾಯಿತೆಂದು ನಾನು ಕೇಳಲಿಲ್ಲ. ಕೇಳಬೇಕು ಅನ್ನಿಸಲೂ ಇಲ್ಲ. ಹೊಲಿಗೆ ಹೇಗಿದೆ ಎಂದು ಮಾತ್ರ ಕೇಳಿದೆ. ಅವರು ಎದ್ದು, ನಮ್ಮ ಪಡಸಾಲೆಯ ಕನ್ನಡಿಯ ಮುಂದೆ ನಿಂತು, ಒಂದು ಸಲ ಬಲಕ್ಕೆ, ಒಂದು ಸಲ ಎಡಕ್ಕೆ ತಿರುಗಿದರು.

"ನನ್ನ ಹೊಲಿಗಿಯಷ್ಟ ಐತ್ರಿ, ಹೆಚ್ಚೇನಿಲ್ಲ. ಆದ್ರ ನಾ ಹೊಲಿದಿಲ್ಲಲ್ರಿ. ಅದಕ್ಕ ಛಲೋ ಅನಸ್ತೈತಿ."

ನಾನು ಚಹಾಕ್ಕೆ ಇಡುತ್ತೇನೆಂದು ಒಳಗೆ ಹೋದೆ. ಚಹಾ ಬೇಗ ಕುದಿಯಿತು. ಅವರು ಇನ್ನೂ ಕನ್ನಡಿಯ ಮುಂದೆ ನಿಂತಿರುವುದು ಅಡಿಗೆಮನೆಯಿಂದ ಕಾಣುತ್ತಿತ್ತು. ಉರಿ ಸಣ್ಣದು ಮಾಡಿ, ಅಲ್ಲೇ ಸ್ವಲ್ಪ ಹೊತ್ತು ನಿಂತೆ.