ಬಿಳಿಚೋಡಿನ ಬಾಣಂತನ

ನನ್ನ ತಾಯಿಯ ತಂದೆ ಷಣ್ಮುಖಪ್ಪನವರು ನ್ಯಾಮತಿಯ ಅಡಿಕೆ ವ್ಯಾಪಾರಿ. ವ್ಯಾಪಾರ ಹೆಸರಿಗಷ್ಟೆ; ಗಿರಾಕಿ ಬಾಗಿಲಲ್ಲಿ ನಿಂತಿದ್ದರೂ ಕೈಯಲ್ಲಿದ್ದ ಪುಸ್ತಕ ಮಡಚುತ್ತಿರಲಿಲ್ಲ. ಆಳುವವರು ಪ್ರಜೆಗಳಿಗೆ ಉತ್ತರ ಹೇಳಬೇಕೆಂಬುದು ಅವರ ವಾದ. ಸಾವಿರದ ಒಂಬೈನೂರ ಮೂವತ್ತೊಂಬತ್ತರಲ್ಲಿ, ಇನ್ನೂ ಮಹಾರಾಜರ ಆಳ್ವಿಕೆ ಇದ್ದಾಗ, ಅದನ್ನೇ ಹೊನ್ನಾಳಿ ಸಂತೆಯಲ್ಲಿ ನಿಂತು ಹೇಳಿ ಜೈಲು ಸೇರಿದರು. ಅಲ್ಲಿ ರಾಗಿ ಬೀಸಿ, ಮುದ್ದೆ ತಿಂದು, ಗುಂಡುಕಲ್ಲಿನ ಹಾಗೆ ಹೊರಬಂದರು. ಬಂದ ದಿನವೇ ಇನ್ನೊಂದು ಹುಕುಂ: ನ್ಯಾಮತಿಯೂ ಸೇರಿದ ಹೊನ್ನಾಳಿ ತಾಲ್ಲೂಕಿಗೆ ಕಾಲಿಡಕೂಡದು. ಇನ್ನು ಭಾಷಣ ಮಾಡುವುದಿಲ್ಲವೆಂದು ಮುಚ್ಚಳಿಕೆ ಬರೆದುಕೊಟ್ಟರೆ ಮಾತ್ರ ಊರು, ಮನೆ.

ಅಜ್ಜ ಬರೆದುಕೊಡಲಿಲ್ಲ. ಜಗಳೂರು ಕಡೆಯ ಬಿಳಿಚೋಡಿಗೆ ಹೋಗಿ, ಕುರಿ ಸಾಕುವ ಅಜ್ಜಮ್ಮನೆಂಬ ವಿಧವೆಯ ಮನೆಯಲ್ಲಿ ಒಂದು ಕೋಣೆ ಹಿಡಿದರು. ಭಾಷಣ ಕೇಳುವುದಕ್ಕೆ ಅಲ್ಲಿ ಕುರಿಗಳಿದ್ದವು. ಅವು ಎದುರು ವಾದಿಸುತ್ತಿರಲಿಲ್ಲವಾದ್ದರಿಂದ ಅಜ್ಜನಿಗೆ ಬೇಸರ.

ಅಷ್ಟರಲ್ಲಿ ಸಾಸ್ವೆಹಳ್ಳಿಗೆ ಕೊಟ್ಟಿದ್ದ ನನ್ನ ತಾಯಿ ಕೊಟ್ರಮ್ಮ ಬಸುರಿಯಾದಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು. ನಮ್ಮ ಜನಕ್ಕೆ ಅದು ಶಿಲಾಶಾಸನ. ಅಜ್ಜಿ ಆಗಲೇ ತೀರಿಕೊಂಡಿದ್ದಳು, ನ್ಯಾಮತಿಯ ಮನೆಗೆ ಬೀಗ ಬಿದ್ದಿತ್ತು. ಅಮ್ಮನ ಅತ್ತೆ ಶಿವಗಂಗಮ್ಮ ಸುಮ್ಮನಿರುವವಳಲ್ಲ. "ಕಳಿಸಾಕೆ ನಾವು ತಯಾರು. ಕಳಿಸೋದು ಎಲ್ಲಿಗೆ?" ಎಂದು ಬಂದವರ ಮುಂದೆಲ್ಲ ಆಡಿಕೊಂಡಳು.

ಜೈಲು ಬಗ್ಗಿಸಲಾರದ ಅಜ್ಜನನ್ನು ಈ ಮಾತು ಬಗ್ಗಿಸಿತು. ಮುಚ್ಚಳಿಕೆ ಕೊಟ್ಟು ಮನೆ ಬಾಗಿಲು ತೆಗೆಯುತ್ತೇನೆ ಎಂದು, ನೋಡಲು ಬಂದಿದ್ದ ಅಳಿಯನ ಕೈಲಿ ಮಗಳಿಗೆ ಹೇಳಿ ಕಳಿಸಿದರು. ಉತ್ತರವಾಗಿ ಬಂದದ್ದು ಒಂದು ಕಮಾನು ಗಾಡಿ. ಒಳಗೆ ತುಂಬು ಬಸುರಿ ನನ್ನ ತಾಯಿ.

"ನೀನು ಬರಕೊಟ್ಟು ಊರಿಗೆ ಬಂದ್ರೆ ದಿನಾ ಮುಖ ಗಂಟು ಹಾಕ್ಕಂಡು ಕೂತಿರ್ತೀಯಪ್ಪ. ಅಂಥ ಬಾಣಂತನ ನಂಗೆ ಬ್ಯಾಡ. ಇಲ್ಲೇ ಮಾಡು" ಎಂದಳು.

ಹೀಗೆ ನಾನು ಬಿಳಿಚೋಡಿನಲ್ಲಿ ಹುಟ್ಟಿದೆ. ರಾಜ್ಯ ಹೇಗೆ ನಡೆಯಬೇಕೆಂದು ಬಲ್ಲ ಅಜ್ಜನಿಗೆ ಬಾಣಂತಿಗೆ ಸಾರು ಕಾಯಿಸುವುದು ಗೊತ್ತಿರಲಿಲ್ಲ. "ಜೈಲಾಗೆ ರಾಗಿ ಬೀಸಿದೋರಿಗೆ ಮೆಣಸು ಅರೆಯಾಕೆ ಬರಲ್ವೇನ್ರೀ?" ಎಂದು ಅಜ್ಜಮ್ಮ ಗದರಿಸಿ ಕಲಿಸಿದಳು. ಅಜ್ಜ ಮೆಣಸು ಅರೆದರು, ಹಂಡೆಗೆ ಉರಿ ಹಾಕಿದರು, ಸಾಂಬ್ರಾಣಿ ಹೊಗೆಗೆ ಕಣ್ಣೊರೆಸಿಕೊಂಡರು. ಹೆತ್ತ ತಾಯಿ ಇದ್ದಿದ್ದರೂ ಇಷ್ಟು ಬಿಗಿಯಾಗಿ ತಲೆಗೆ ಬಟ್ಟೆ ಕಟ್ಟುತ್ತಿರಲಿಲ್ಲ ಎಂದು ಅಮ್ಮ ನಗುತ್ತಿದ್ದಳು. ಅಜ್ಜನ ಜೀವನದಲ್ಲಿ ಇದಕ್ಕಿಂತ ದೊಡ್ಡ ಸಾಧನೆ ನನಗಂತೂ ಕಾಣುವುದಿಲ್ಲ.

ನನಗಿನ್ನೂ ಕತ್ತು ನಿಂತಿರಲಿಲ್ಲ. ಒಂದು ಬೆಳಗ್ಗೆ ಜಗಳೂರಿನಿಂದ ರಂಗಣ್ಣನೆಂಬ ಪೊಲೀಸಿನವನು ಬಂದು ಅಂಗಳದಲ್ಲಿ ನಿಂತ. ಅಜ್ಜ ನನ್ನ ಬಟ್ಟೆ ಹಿಂಡುತ್ತಿದ್ದರು.

"ಸ್ವಾಮಿ, ಹುಕುಂ ರದ್ದಾಗೈತೆ. ಮುಚ್ಚಳಿಕೇನೂ ಬ್ಯಾಡವಂತೆ. ಇವತ್ತೇ ಊರಿಗೆ ಹೊರಡಬೌದು."

ನ್ಯಾಮತಿ ಕಡೆಯ ಗಾಡಿ ಕಂಡರೆ ಅಜ್ಜ ದಾರಿಗೆ ಓಡಿ ಊರಿನ ಸುದ್ದಿ ಕೇಳುತ್ತಿದ್ದ ಕಾಲ ಅದು. ಆದರೂ ಕೈಯಲ್ಲಿದ್ದ ಬಟ್ಟೆಯನ್ನು ಕೊಡವಿ ಹಗ್ಗದ ಮೇಲೆ ಹರವಿದರು.

"ಮೆಲ್ಲಗೆ ಮಾತಾಡಪ್ಪ, ಮಗು ಮಲಗೈತೆ. ಹಸಿ ಬಾಣಂತೀನ ಗಾಡೀಲಿ ಕುಲುಕಾಡಿಸಾಕೆ ಆಗಲ್ಲ. ಮಗಳು ತವರಿಗೆ ಬಂದವಳೆ, ಬಾಣಂತನ ಮುಗಿಸ್ಕಂಡು ಬರ್ತೀನಿ ಅಂತ ಸರ್ಕಾರಕ್ಕೆ ಹೇಳು."