ಪ್ಲಾಸ್ಟರಿನೊಳಗಿನ ಹೆಬ್ಬೆರಳು

ಕಣ್ಣಿಗೆ ಕಾಣದ್ದನ್ನೂ ಕೈಗೆ ಸಿಗದ್ದನ್ನೂ ನಂಬುವ ಸ್ವಭಾವ ವೈದ್ಯನಾದ ನನ್ನದಾಗಿರಲಿಲ್ಲ. ದೇವರಲ್ಲಿ ಭಕ್ತಿಯಿತ್ತು, ಪವಾಡದ ಕಥೆಗಳಲ್ಲಿ ಇರಲಿಲ್ಲ. ಎಪ್ಪತ್ತರ ದಶಕದ ಒಂದು ಮಳೆಗಾಲದ ಮಧ್ಯಾಹ್ನ ಬಂಟ್ವಾಳದಲ್ಲಿ ನಡೆದದ್ದನ್ನು ಇದ್ದಂತೆ ಬರೆಯುತ್ತೇನೆ.

ಬೆನ್ನುಮೂಳೆಯ ಸಂದಿಗೆ ಸೂಜಿ ಹಾಕಿ ನೀರು ತೆಗೆಯುವುದನ್ನು ತರಬೇತಿಯ ಕಿರಿಯ ವೈದ್ಯರಿಗೆ ನಾನು ಕೈಹಿಡಿದೇ ಕಲಿಸುತ್ತಿದ್ದೆ. ಅಕ್ಷರಾಭ್ಯಾಸದಲ್ಲಿ ಮಗುವಿನ ಬೆರಳು ಹಿಡಿದು ಅಕ್ಕಿಯ ಮೇಲೆ ಬರೆಸುವಂತೆ, ಅವರ ಕೈಯ ಮೇಲೆ ನನ್ನ ಕೈ. ಒಳಗಿನ ಪೊರೆ ಸೂಜಿಗೆ ದಾರಿ ಬಿಡುವ ಗಳಿಗೆ ಬೆರಳಿಗೆ ಮಾತ್ರ ತಿಳಿಯುತ್ತದೆ.

ಆ ವಾರ ಪೊಳಲಿಯಲ್ಲಿ ದೇವಿಯ ದರ್ಶನ ಮುಗಿಸಿ ಮೆಟ್ಟಿಲಿಳಿಯುವಾಗ ಜಾರಿಬಿದ್ದು, ನನ್ನ ಬಲಗೈ ಹೆಬ್ಬೆರಳ ತುದಿಯವರೆಗೂ ಪ್ಲಾಸ್ಟರಿನಲ್ಲಿತ್ತು. ಆಗಲೇ ಪೇಟೆಯ ದರ್ಜಿಯೊಬ್ಬನ ಹೆಂಡತಿಯನ್ನು ನಮ್ಮ ಆಸ್ಪತ್ರೆಗೆ ತಂದರು. ತೀವ್ರ ಜ್ವರ, ಸೆಟೆದ ಕುತ್ತಿಗೆ, ಪ್ರಜ್ಞೆಯಿಲ್ಲ. ನೀರು ತೆಗೆದು ನೋಡದೆ ಯಾವ ಔಷಧಿಯೆಂದು ನಿರ್ಧರಿಸುವಂತಿರಲಿಲ್ಲ. ನೇತ್ರಾವತಿ ಉಕ್ಕಿ ರಸ್ತೆ ಮುಳುಗಿತ್ತು.

“ಡಾಕ್ಟ್ರೇ, ದೋಣಿಯಲ್ಲಾದರೂ ಮಂಗಳೂರಿಗೆ ಕೊಂಡುಹೋಗುವಾ?” ಎಂದು ಕೇಳುತ್ತ ಗಂಡ ಬಾಗಿಲಲ್ಲೇ ನಿಂತಿದ್ದ.

ಆಗ ನನ್ನ ಜೊತೆ ಇದ್ದವಳು ಸುಮತಿ ಒಬ್ಬಳೇ, ತರಬೇತಿಗೆ ಬಂದ ವೈದ್ಯೆ. ಎರಡು ಸಲ ಪ್ರಯತ್ನಿಸಿ ಸೋತಳು.

“ಎಲುಬಿಗೇ ತಾಗ್ತಾ ಉಂಟು ಸರ್. ನನ್ನಿಂದ ಆಗುದಿಲ್ಲ.”

“ಆಗದೆ ಏನಮ್ಮ? ನನ್ನ ಈ ಕೈ ನೋಡು, ಒಲೆಗೂ ಬೇಡದ ಕೊರಡು. ಈಗ ನೀನೇ ಗತಿ.”

ನಾನು ರೋಗಿಯ ಮುಖದ ಕಡೆ ನಿಂತು, ಎಡಗೈಯಿಂದ ಆಕೆಯ ತಲೆಯನ್ನು ಬಾಗಿಸಿ ಹಿಡಿದಿದ್ದೆ. ಸುಮತಿಯ ಕೈಯಾಗಲಿ ಸೂಜಿಯಾಗಲಿ ಅಲ್ಲಿಂದ ಕಾಣುತ್ತಿರಲಿಲ್ಲ. ಅವಳು ಮೂರನೆಯ ಸಲ ಸೂಜಿಯೂರಿದಳು. ಇದ್ದಕ್ಕಿದ್ದಂತೆ ಪ್ಲಾಸ್ಟರಿನೊಳಗಿನ ನನ್ನ ಹೆಬ್ಬೆರಳಿಗೆ, ಬಿಗಿದ ಪೊರೆಯೊಂದು ಮೆಲ್ಲನೆ ದಾರಿ ಬಿಟ್ಟ ಸ್ಪರ್ಶವಾಯಿತು.

“ನಿಲ್ಲು, ಸಾಕು!” ಎಂದೆ.

ಅವಳು ಸೂಜಿಯೊಳಗಿನ ಕಡ್ಡಿಯನ್ನು ಎಳೆದಳು. ಅಕ್ಕಿ ತೊಳೆದ ನೀರಿನಂತೆ ಮಸುಕಾದ ಹನಿ ಇಳಿಯಿತು. ಮೆದುಳಿನ ಪೊರೆಗೆ ತಗುಲಿದ ಸೋಂಕೆಂದು ತಿಳಿದು, ತಕ್ಕ ಔಷಧಿ ಹಾಕಿದೆವು. ಕೆಲವು ದಿನಗಳಲ್ಲಿ ಆಕೆ ಕಣ್ತೆರೆದು ಗಂಜಿ ಕೇಳಿದಳು.

“ನನ್ನ ಕೈಗೆ ಏನೂ ಗೊತ್ತಾಗಲಿಲ್ಲ ಸರ್, ಇನ್ನೂ ದೂಡ್ತಿದ್ದೆ. ನಿಮಗೆ ಹೇಗೆ ಗೊತ್ತಾಯ್ತು?” ಎಂದು ಸುಮತಿ ಕೇಳಿದಳು. 

ದೇವಿಯ ಕೃಪೆಯೆಂದು ಕೈಮುಗಿದು ಮುಗಿಸಬಹುದಿತ್ತು. ಆದರೆ ಮರುವರ್ಷ ಅದೇ ಮೇಜಿನ ಮೇಲೆ, ಅಂಥದೇ ಜ್ವರದ ಮಗುವೊಂದು ಮಲಗಿತ್ತು. ನನ್ನ ಕೈ ಪೂರ್ಣವಾಗಿ ಗುಣವಾಗಿತ್ತು. ಸೂಜಿಯೂ ನನ್ನ ಕೈಯಲ್ಲೇ ಇತ್ತು. ಆದರೆ ಪೊರೆ ದಾರಿ ಬಿಟ್ಟಿತೋ ಇಲ್ಲವೋ, ಬೆರಳು ಏನನ್ನೂ ಹೇಳಲಿಲ್ಲ.